ಬಂಗಾರ ಬಣ್ಣದ ತೊಟ್ಟಿಲು

...ಮುಟ್ಟಿ ನೋಡ್ರಿ ಉಸ್ತಾದ್, ಬಾಗಲದಾಗ ನಿಂತು ನೋಡಿದ್ರ ಏನ್ ತಿಳೀತದ? ಒಳಗ ಬರ್ರಿ. ನಿಮ್ಮ ಶೆಡ್ಡಿನ್ಯಾಗ ಆರು ವರ್ಷ ಕಬ್ಬಿಣ ಹಿಡಿದ ಕೈ ಇದು. ಗಬ್ಬೂರಿನಿಂದ ಬಸ್ಸಿನ ಬಾಗಲಿಗೆ ಜೋತು ಬಿದ್ದು ಬರ್ತಿದ್ದ ಅಂಬರೀಶ, ಈಗ ರಾಯಚೂರಿನ್ಯಾಗ ಸ್ವಂತ ಸ್ಟೀಲ್ ಸಾಮಾನಿನ ಅಂಗಡಿ ಹಾಕ್ಯಾನ. ಯಾಕ ನಗತೀರಿ? ಬೋರ್ಡಿನ್ಯಾಗ ನನ್ನ ಹೆಸರು ಅಂಗಡಿಕಿಂತ ದೊಡ್ಡದಾತೇನು? ಕೆಳಗ ಓದ್ರಿ. ‘ಅಬ್ದುಲ್ ವಹೀದ್ ಉಸ್ತಾದರ ಶಿಷ್ಯ’ ಅಂತ ಬರೆಸೀನಿ. ಸಣ್ಣ ಅಕ್ಷರ, ಖರೇ... ಜಾಗ ಉಳಿಲಿಲ್ಲ.

ಈ ಟೀಪಾಯಿ ನೋಡ್ರಿ. ಕನ್ನಡಿ ಪಾಲಿಶ್. ಇಂಥದೊಂದು ಊರಿಗೆ ಒಯ್ದು ಕಟ್ಟಿಮ್ಯಾಲ ಇಟ್ಟಿದ್ದೆ. ಬಾಜೂಮನಿ ಬೂದೆಮ್ಮಜ್ಜಿ ಸಾಕಿದ ಹುಂಜ ಅದರಾಗ ತನ್ನ ಮಾರಿ ತಾನ ಕಂಡು ಮಧ್ಯಾಹ್ನದ ತನಕ ಜಗಳಾಡ್ತು. ಹುಂಜ ಸೋತು ಹೋತು, ಪಾಲಿಶಿಗೆ ಒಂದು ಗೀರು ಬೀಳಲಿಲ್ಲ. ಈ ಕುರ್ಚಿ ಮ್ಯಾಟ್ ಫಿನಿಶ್. ದೇವದುರ್ಗದ ಹೋಟೆಲಿನವರು ಇಪ್ಪತ್ತು ಒಯ್ದಾರ. ಮಿರ್ಚಿ ಬಜ್ಜಿ ತಿಂದ ಕೈಲೆ ಹಿಡಿದ್ರೂ ಬೆರಳಿನ ಗುರ್ತು ಕಾಣಂಗಿಲ್ಲ. ಮತ್ತ ಆ ಮಂಚ... ಸಾಗವಾನಿ ಅಂದ್ಕೊಂಡ್ರಲ್ಲ? ಕಟಿಗಿ ಅಲ್ರಿ, ಸ್ಟೀಲು. ಸಿರವಾರದ ರೈಸ್ ಮಿಲ್ಲಿನ ದೊಡ್ಡಪ್ಪ ಸಾಹುಕಾರ ಉಗುರಿಲೆ ಕೆರದು ಕೆರದು ನೋಡಿ, “ತಮ್ಮಾ, ಇದಕ್ಕ ಗೆದ್ದಲು ಹತ್ತತದೇನು?” ಅಂದ. “ಹತ್ತಲಿ ಬಿಡ್ರಿ ಸಾಹುಕಾರ್ರ, ಗೆದ್ದಲಿನ ಹಲ್ಲ ಉದುರತಾವ” ಅಂದೆ.

ಒಂದ ಸ್ಟೀಲು ಉಸ್ತಾದ್, ಹಗಲುವೇಷದವರ ಹಂಗ. ಮುಂಜಾನಿ ರಾಮ, ಸಂಜಿಗೆ ರಾವಣ. ನೀವು ನಲವತ್ತು ವರ್ಷ ಒಂದ ಬೂದಿ ಬಣ್ಣ ಬಳಿದ್ರಿ, ಬೀರುವಿಗೂ ಅದ, ಗೇಟಿಗೂ ಅದ. ಸಿಟ್ಟಾಗಬ್ಯಾಡ್ರಿ. ಇದ್ದದ್ದ ಹೇಳಿದೆ.

ಹಾಂ, ಅದು... ಅದು ತೊಟ್ಟಿಲು. ನಮ್ಮ ಸುನಂದಕ್ಕನ ಕೂಸಿಗೆ. ಇವತ್ತ ಸಂಜಿಗೆ ಮಾನ್ವಿಯೊಳಗ ಹೆಸರಿಡೋದು ಅದ. ತೊಟ್ಟಿಲು ತವರುಮನಿಯಿಂದ ಬರಬೇಕಲ್ಲ. ಅಕ್ಕನ ಅತ್ತಿ ಬಸವಂತಮ್ಮ ಹತ್ತು ಹೆಂಗಸರ ಮುಂದ ಅಂದಳಂತ, “ನಿನ್ನ ತಮ್ಮ ಏನ್ ತರತಾನ, ಕಿಟಕಿ ಗ್ರಿಲ್ಲಿನ ತುಂಡು ಕೂಡಿಸಿ ತೊಟ್ಟಿಲು ಮಾಡ್ತಾನೇನು?” ಅಕ್ಕ ಫೋನಿನ್ಯಾಗ ಅತ್ತಳು. ಅದಕ್ಕ ಬಂಗಾರ. ಆಕಿ ಕಣ್ಣು ಕುಕ್ಕಬೇಕು. ಹನ್ನೊಂದಕ್ಕ ಟೆಂಪೋ ಬರ್ತದ.

ಪೈಪು ಹೈದರಾಬಾದಿನಿಂದ ತರಿಸಿದೆ, ಬಂಗಾರ ಬಣ್ಣ ಮೊದಲ ಕುಂದರಿಸೇ ಬಂದದ್ದು... ಯಾಕ ಹುಬ್ಬು ಏರಿಸ್ತೀರಿ? ಗೊತ್ತದ. “ಮೊದಲ ವೆಲ್ಡಿಂಗ್, ಆಮ್ಯಾಲ ಬಣ್ಣ.” ದಿನಾ ಹೇಳ್ತಿದ್ರಿ. ಬರೇ ಪೈಪು ಬೆಸದು, ಹೈದರಾಬಾದಿಗೆ ಕಳಿಸಿ, ಬಣ್ಣ ಹಾಕಿಸ್ಕೊಂಡು ಬರಾಕ ಎಂಟು ದಿನ ಬೇಕು. ಹೆಸರಿಡೋದು ಎಂಟು ದಿನ ನಿಲ್ತದೇನು? ಬಣ್ಣದ ಪೈಪಿಗೆ ಬೆಂಕಿ ಹತ್ತಿದ್ರ ಬಂಗಾರ ಸುಟ್ಟು ನೀಲಿ ಆಗ್ತದ ಅಂತೀರಿ. ಎಲ್ಲಿ ಅದ ನೀಲಿ? ಕಾಲಿಂದು ಬಿಡ್ರಿ, ಅದು ಕೆಳಗ, ಕಾಣಂಗಿಲ್ಲ. ಮ್ಯಾಲ ತೋರಿಸ್ರಿ ಒಂದು ಕಪ್ಪು. ಇಲ್ಲಲ್ಲ? ಹೆಂಗ ಮಾಡಿದೆ ಅಂತ ಕೇಳಬ್ಯಾಡ್ರಿ. ಅಂಗಡಿ ಗುಟ್ಟು.

ನಟ್ಟು ತಿರುವೋ ಪಾನಾ ಯಾಕ ತಗೊಂಡ್ರಿ?

ಓ... ಬಡಿದು ನೋಡ್ತೀರಿ. ನಿಮ್ಮ ಹಳೇ ಚಾಳಿ. ಒಂದು ಸ್ಟೂಲು ಶೆಡ್ಡು ದಾಟಬೇಕಾದ್ರೂ ಒಂದೊಂದು ಜಾಯಿಂಟಿಗೂ ಪಾನಾ ಬಡಿದು ಕಿವಿ ಹಚ್ಚತಿದ್ರಿ. ಪೂರ್ತಿ ಬೆಸದದ್ದು ಹಾಡ್ತದ, ಹುಸಿ ಇದ್ದದ್ದು ಕೆಮ್ಮತದ ಅಂತಿದ್ರಿ. ಬಡೀರಿ. ಮೆಲ್ಲಗ, ಗೀರು ಬಿದ್ದೀತು.

ಠಣ್. ಕೇಳಿದ್ರಿ? ಆ ಕಾಲಿಗೆ ಬಡೀರಿ. ಠಣ್. ನಿಮ್ಮ ಶಿಷ್ಯನ ಕೈ ಅದು. ಸಾಕಲ್ಲ? ಚಾ ಆರಾಕತ್ತದ, ಕುಡೀರಿ. ಮ್ಯಾಲಿಂದು ಬ್ಯಾಡ್ರಿ, ತೊಟ್ಟಿಲು ಜೋತು ಬೀಳೋ ಆ ಕೊಂಡಿ ಹತ್ರ, ಅಲ್ಲಿ... ಉಸ್ತಾದ್.

...ದಪ್ ಅಂತು. ಅಂದ್ರ ಏನಾತು? ಅಲ್ಲಿ ಪೈಪು ದಪ್ಪ ಅದ, ಅದಕ್ಕ ಹಂಗ. ಇನ್ನೊಮ್ಮಿ ಬಡಿದ್ರೂ ಅಷ್ಟ.

ಬೈರಿ. ಮೊದಲಾಗಿದ್ರ ಕೈಗೆ ಸಿಕ್ಕದ್ದು ಒಗೀತಿದ್ರಿ. ಹಂಗ ನೋಡಬ್ಯಾಡ್ರಿ ನನ್ನ. ನಾನೇನು ಪರೀಕ್ಷಾ ಮಾಡದ ಕಳಸಾಕತ್ತೀನೇನು? ನಿನ್ನಿ ಮೂವತ್ತು ಕಿಲೋ ಅಕ್ಕಿ ಚೀಲ ಮಲಗಿಸಿ ತೂಗೀನಿ. ಹತ್ತು ಸಲ ತೂಗೀನಿ, ತಡೀತು... ಹತ್ತಲ್ಲ. ನಾಕು. ಐದನೇದಕ್ಕ ಕಿರ್ ಅಂತ ಒಂದು ಸಪ್ಪಳ ಬಂತು, ಚೀಲ ಇಳಿಸಿದೆ. ಕೂಸೇನು ಮೂವತ್ತು ಕಿಲೋ ಇರತದೇನ್ರಿ?

ಉಗುರಿಲೆ ಆ ಕೊಂಡಿ ಬುಡ ಕೆರೀಬ್ಯಾಡ್ರಿ.

ಹೌದು, ಸುತ್ತ ಬೆಸದಿಲ್ಲ, ಚುಕ್ಕಿಯಷ್ಟು ಎರಡ ಟಾಕಾ ಹಾಕೀನಿ. ಪೂರ್ತಿ ಬೆಸದ್ರ ಎಲ್ಲಾರ ಕಣ್ಣಿನ ಎದುರಿಗೇ ಬಂಗಾರ ಸುಡ್ತಿತ್ತು. ಸಂದಿಗೆ ಪುಟ್ಟಿ ತುಂಬಿ ಮ್ಯಾಲ ಬಂಗಾರದ ಸ್ಪ್ರೇ ಹೊಡದೀನಿ. ನಿಮ್ಮ ಕಣ್ಣಿಗೂ ಕಾಣಲಿಲ್ಲಲ್ಲ? ಒಪ್ಕೋರಿ, ಕಾಣಲಿಲ್ಲ.

ಖಾಲಿ ತೊಟ್ಟಿಲು ಯಾಕ ತೂಗತೀರಿ? ಬ್ಯಾಡ್ರಿ... ಮನಿಯಾಗ ಮೊಮ್ಮಕ್ಕಳನ್ನ ತೂಗಿದ ಕೈ ಅದು, ನನ್ನ ಮುಂದ ಹಂಗ ತೂಗಬ್ಯಾಡ್ರಿ. ಕಿರ್... ಕೇಳ್ತದ್ರಿ. ನನಗೂ ಕಿವಿ ಅದಾವ. ನಿನ್ನಿಯಿಂದ ಕೇಳಾಕತ್ತದ. ನಿಲ್ಲಿಸ್ರಿ.

ಗ್ರೈಂಡರ್ ನಿಮ್ಮ ಹಿಂದ ಅದ, ಕೊಡ್ರಿ ಇತ್ತ. ಪುಟ್ಟಿ ಎಲ್ಲಾ ಕಿತ್ತು ಸುತ್ತ ಬೆಸಿತೀನಿ. ಸುಡಲಿ ಬಂಗಾರ. ಅಂಗೈಯಷ್ಟು ಕಪ್ಪಾಗಲಿ. ಬಸವಂತಮ್ಮ ಬೆರಳು ಮಾಡಿ ತೋರಿಸಿದ್ರ ಹತ್ತು ಹೆಂಗಸರ ಮುಂದ ಹೇಳ್ತೀನಿ, “ಅತ್ತೀ, ಇಂಥಾ ತೊಟ್ಟಿಲು ಮಾನ್ವಿಯೊಳಗ ಇನ್ನೊಂದಿಲ್ಲ, ಅದಕ್ಕ ದೃಷ್ಟಿಬೊಟ್ಟು ಇಟ್ಟೀನಿ.” ಟೆಂಪೋದವ ಬಂದ್ರ ನಿಲ್ಲಲಿ.

ಹಿಂದ ಸರೀರಿ, ಕಿಡಿ ಹಾರತಾವ. ಪಾನಾ ಮಾತ್ರ ಕೆಳಗ ಇಡಬ್ಯಾಡ್ರಿ ಉಸ್ತಾದ್. ಮುಗದ ಮ್ಯಾಲ ಇನ್ನೊಮ್ಮಿ ಬಡೀಬೇಕು.