ಒಂದು ಬೊಗಸೆ ಬರ್ಫ

ಇದು ನಮ್ಮ ಓಣಿಯಲ್ಲೇ, ನಮ್ಮ ಮನೆಯಿಂದ ಮೂರನೇ ಮನೆಯಲ್ಲಿ ಆದದ್ದು. ಬಾಗಿಲು ಹಾಕಿಕೊಂಡು ಬಂದು ಕೂರಿ. ನಡುವೆ ಯಾರೂ ಏಳಬೇಡಿ.

ತೊಂಬತ್ತೊಂಬತ್ತನೇ ಇಸವಿ, ಮೇ ತಿಂಗಳು, ಮಂಗಳವಾರ. ಮುನವಳ್ಳಿಗೆ ಕಡೆಯ ಬಸ್ಸು ಬಂದಾಗ ರಾತ್ರಿ ಹತ್ತೂವರೆ. ಇಳಿದವಳು ಮರೆವ್ವ ಒಬ್ಬಳೇ. ಸ್ಟ್ಯಾಂಡಿನಿಂದ ಓಣಿಗೆ ಬರಬೇಕಾದರೆ ಆಲದ ಮರ ದಾಟಬೇಕು, ಅದರ ಬುಡದ ಹಾಳು ಬಾವಿ ದಾಟಬೇಕು. ಬೇರೆ ದಿನವಾಗಿದ್ದರೆ ಯಾರಾದರೂ ಜೊತೆ ಸಿಗುವ ತನಕ ಅಲ್ಲೇ ಕೂತಿರುತ್ತಿದ್ದಳು. ಅವತ್ತು ಕೂರಲಿಲ್ಲ. ಹೊಟ್ಟೆಯೊಳಗೆ ಬೆಂಕಿ ಬಿದ್ದವರಿಗೆ ಬಾವಿಯ ಅಂಜಿಕೆ ಎಲ್ಲಿಂದ ಬರಬೇಕು?

ಬೆಂಕಿ ಹಚ್ಚಿದವನು ಆಕೆಯ ಗಂಡ ಶಂಕ್ರೆಪ್ಪ. ಡ್ರೈವರ್. ಬಾಯಿ ಬಿಟ್ಟರೆ ಬಣ್ಣದ ಮಾತು. ನಾಲ್ಕು ವರ್ಷದಿಂದ ಪ್ರತಿ ಬೇಸಿಗೆ, ಯಾತ್ರೆಯ ಬಸ್ಸು ತೆಗೆದುಕೊಂಡು ನೇಪಾಳಕ್ಕೆ ಹೊರಟೆ ಎಂದು ಹೋದರೆ ಒಂದೂವರೆ ತಿಂಗಳು ಪತ್ತೆ ಇಲ್ಲ. ಬರುವಾಗ ಒಂದು ಫೋಟೋ ತರುತ್ತಿದ್ದ. ಹಿಂದೆ ಬೆಳ್ಳನೆಯ ಬೆಟ್ಟ, ಕೆರೆ, ಕೆರೆಯಲ್ಲೊಂದು ದೋಣಿ, ಮುಂದೆ ಕೋಟು ಹಾಕಿದ ಶಂಕ್ರೆಪ್ಪ. ಒಂದು ವರ್ಷ ಅದು ಪೋಖ್ರಾ, ಮರುವರ್ಷ ತಾನ್ಸೇನ್, ಆಮೇಲೆ ಜೋಮ್ಸೋಮ್. ಎಲ್ಲ ಊರಲ್ಲೂ ಅದೇ ಕೆರೆ ಹೇಗೆ ಎಂದು ಕೇಳಿದರೆ, ಆ ದೇಶದಲ್ಲಿ ಊರಿಗೊಂದು ಕೆರೆ ಎನ್ನುತ್ತಿದ್ದ.

ರಾತ್ರಿ ಅಂಗಳದಲ್ಲಿ ಹಾಸಿಕೊಂಡು ಆ ಊರುಗಳನ್ನು ಒಂದೊಂದಾಗಿ ಹೇಳುತ್ತಿದ್ದ. ಕಲ್ಲು ಹಾಸಿದ ಓಣಿ, ಹೇಸರಗತ್ತೆಯ ಕೊರಳ ಗಂಟೆ, ಮನೆಯ ಮಾಳಿಗೆ ಮೇಲೆ ಒಣಗಿಸಿದ ಸೇಬು, ಬರ್ಫ ಎಂದು ಅವನು ಕರೆಯುತ್ತಿದ್ದ ಹಿಮ... ಮುನವಳ್ಳಿ ಬಿಟ್ಟು ಸವದತ್ತಿ ಗುಡ್ಡ ಹತ್ತಿದ್ದೇ ದೊಡ್ಡ ಪ್ರಯಾಣವಾಗಿದ್ದ ಮರೆವ್ವನಿಗೆ ಆ ಮಾತೇ ವರ್ಷದ ಹಬ್ಬ.

"ಬರ್ಫ ಹೆಂಗಿರತೈತ್ರಿ?" ಎಂದು ಕೇಳುತ್ತಿದ್ದಳು.

"ಹತ್ತಿ ಇದ್ದಂಗ. ಕಾಲಿಟ್ರ ಸಪ್ಪಳನ ಆಗಂಗಿಲ್ಲ."

"ನನಗೊಂದ ಬೊಗಸಿ ತರ್ರಿ."

"ಹುಚ್ಚಿ, ಇಲ್ಲಿಗೆ ಬರೂತನಾ ಉಳಿತೈತೇನ?" ಎಂದು ನಗುತ್ತಿದ್ದ. ಆದರೂ ಪ್ರತಿ ಸಲ ಬುತ್ತಿಯ ಸ್ಟೀಲ್ ಡಬ್ಬಿ ಕೈಗೆ ಕೊಡುವಾಗ ಆಕೆ ಅದನ್ನೇ ಹೇಳುತ್ತಿದ್ದಳು. ತಿಂದಾದ ಮೇಲೆ ಡಬ್ಬಿ ತುಂಬಿಸಿ ತರ್ರಿ. ಆ ವರ್ಷವೂ ಹೇಳಿ ಕಳಿಸಿದ್ದಳು.

ಆ ಮಂಗಳವಾರ ಮರೆವ್ವ ಮೊದಲ ಸಲ ರಾಮದುರ್ಗಕ್ಕೆ ಹೋಗಿದ್ದು ತಂಗಿಯ ಮಗಳು ಸ್ನೇಹಲ್‌ಳ ಸಲುವಾಗಿ. ಗಂಡಿನ ಕಡೆಯವರಿಗೆ ತೋರಿಸಲು ಹುಡುಗಿಯ ಫೋಟೋ ಬೇಕಿತ್ತು. ಸ್ಟುಡಿಯೋದ ಬಸಯ್ಯ ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ ಹಿಂದಿನ ಪರದೆ ಸರ್ರನೆ ಎಳೆದ... ಬೆಳ್ಳನೆಯ ಬೆಟ್ಟ. ಕೆರೆ. ಕೆರೆಯ ನಡುವೆ ಪರದೆ ಹರಿದು ತೇಪೆ ಹಚ್ಚಿದ್ದರು. ಆ ತೇಪೆಯನ್ನು ಮರೆವ್ವ ನಾಲ್ಕು ವರ್ಷದಿಂದ ದೋಣಿ ಎಂದುಕೊಂಡಿದ್ದಳು.

ಸುಮ್ಮನೆ ಕೇಳಿದಳು. "ಡ್ರೈವರ್ ಶಂಕ್ರೆಪ್ಪ ಇಲ್ಲಿ ಫೋಟೋ ತೆಗಿಸ್ತಾರೇನ್ರಿ?"

"ವರ್ಷಾ ವರ್ಷಾ ಬರ್ತಾನ್ರಿ. ಗ್ವಾಡಿ ಮ್ಯಾಲಿನ ನೇಪಾಳದ ಕ್ಯಾಲೆಂಡರ್ ನೋಡಿ, ಇದ್ಯಾವ ಊರು, ಅಲ್ಲೇನೈತಿ ಅಂತ ನನ್ನ ಕೈಲೆ ಓದಿಸ್ಕೋತಾನ. ಬ್ಯಾಸಗಿ ಪೂರಾ ಇಲ್ಲೇ ಇರ್ತಾನಲ್ರಿ, ಹಿಂದಿನ ಓಣ್ಯಾಗ ಹೆಂಡ್ತಿ ಮನಿ ಐತಿ. ಈ ವರ್ಷ ಯಾಕೋ ಇನ್ನಾ ಕಂಡಿಲ್ಲ. ನಿಮಗೇನಾಗಬೇಕ್ರಿ ಅವಾ?"

"ಏನಿಲ್ರಿ," ಎಂದಳು ಮರೆವ್ವ. ಹುಡುಗಿಯನ್ನು ದಾರಿಯಲ್ಲಿ ತಂಗಿಯ ಊರಲ್ಲಿ ಬಿಟ್ಟು ಕಡೆಯ ಬಸ್ಸು ಹತ್ತಿದಳು.

ಇನ್ನೊಬ್ಬಳನ್ನು ಇಟ್ಟುಕೊಂಡಿದ್ದಾನೆಂಬ ಸಂಕಟ ಒಂದು ಕಡೆ. ಅದಕ್ಕಿಂತ ಸುಟ್ಟಿದ್ದು ಆ ಊರುಗಳು. ತನ್ನ ಅಂಗಳದಲ್ಲಿ ಮಲಗಿ, ತನ್ನ ಕೈ ಹಿಡಿದು, ಕ್ಯಾಲೆಂಡರಿನ ಹಾಳೆಯ ಮಾತು ಹೇಳಿದ್ದನಲ್ಲ.

ಹೀಗೆ ಕುದಿಯುತ್ತ ಆಲದ ಮರದ ಕೆಳಗೆ ಬಂದಳು. ಚಪ್ಪಲಿ ಫಟ್ ಫಟ್ ಅನ್ನುತ್ತಿತ್ತು. ಬಾವಿ ದಾಟಿದಳು... ಹಿಂದೆ ಇನ್ನೊಂದು ಸಪ್ಪಳ.

ಕರ್ರುಂ... ಕರ್ರುಂ...

ಚುರುಮುರಿ ಚೆಲ್ಲಿ ಅದರ ಮೇಲೆ ಯಾರೋ ನಡೆದಂತೆ. ಮೇ ತಿಂಗಳು, ದಾರಿಯ ತುಂಬ ಮೆತ್ತನೆಯ ಧೂಳು. ಧೂಳಿನಲ್ಲಿ ಅಂಥ ಸಪ್ಪಳ ಬರುವುದುಂಟೇ? ಆಕೆ ನಿಂತರೆ ಅದೂ ನಿಂತಿತು. ನಡೆದರೆ ಅದೂ... ಕರ್ರುಂ... ಓಣಿಯ ನಾಯಿಗಳು ಎದ್ದು ನೋಡಿದವು. ಒಂದೂ ಬೊಗಳಲಿಲ್ಲ.

ಮನೆ ಸೇರಿ ಅಗಳಿ ಹಾಕಿದಳು, ಟಕ್. ಸಪ್ಪಳ ಕಟ್ಟೆ ಹತ್ತಿ ಬಾಗಿಲಿಗೆ ಬಂದು ನಿಂತಿತು.

"ಮರೆವ್ವಾ..." ಪಿಸುದನಿ. ಶಂಕ್ರೆಪ್ಪನದೇ. "ಬಾಗ್ಲಾ ತೆಗಿ."

ಆಕೆಗೆ ಅಂಜಿಕೆ ಬರಲಿಲ್ಲ, ಸಿಟ್ಟು ಬಂತು. "ರಾಮದುರ್ಗಕ್ಕ ಹೋಗ್ರಿ. ಅಲ್ಲಿ ತೆಗಿತಾರ."

"ಅಲ್ಲಿಂದ ಬಂದಿಲ್ಲ... ಗುಡ್ಡದಿಂದ ಬಂದೇನಿ."

"ಇವತ್ತ ಪಡದೆ ನೋಡಿ ಬಂದೇನ್ರಿ. ತ್ಯಾಪಿನೂ ನೋಡೇನಿ."

ಹೊರಗೆ ಚಳಿಗೆ ಹಲ್ಲು ಕಟಕಟ ಕಡಿಯುವ ಸಪ್ಪಳ ಮಾತ್ರ. ಮಲಗಿದರೆ ಬೆನ್ನು ಬೇಯುವಂಥ ಸೆಕೆಯಲ್ಲಿ.

"ನಾಕ್ ವರ್ಷ ಸುಳ್ಳ ಹೇಳಿದೆ. ಈ ಸಲ ಖರೇನ ಹೋಗೇನಿ. ಹತ್ತಿ ಇದ್ದಂಗ ಇಲ್ಲ ಅದು... ಕಾಲಿಟ್ರ ಸಪ್ಪಳ ಆಗತೈತಿ. ಕೇಳಿದ್ದಿಲ್ಲ, ಬಾವಿ ಹಂತ್ಯಾಕ?"

ಮರೆವ್ವನ ಕೈ ಅಗಳಿಗೆ ಹೋಯಿತು. ತೆಗೆದರೆ ಮತ್ತೆ ನಂಬಿದಂತೆ. ಇನ್ನೊಮ್ಮೆ ಮೋಸ ಹೋದರೆ ತಡೆದುಕೊಳ್ಳುವ ಜೀವ ಆಕೆಯಲ್ಲಿ ಉಳಿದಿರಲಿಲ್ಲ.

"ಬೊಗಸಿ ಒಡ್ಡ ಬಾ... ಕರಗತೈತಿ."

"ಅಲ್ಲೇ ಇಟ್ಟ ಹೋಗ್ರಿ," ಎಂದಳು. ಕೈ ಹಿಂದಕ್ಕೆ ತೆಗೆದುಕೊಂಡಳು.

ಕಟ್ಟೆಯ ಕಲ್ಲಿನ ಮೇಲೆ ಮೆತ್ತಗೆ ಏನೋ ಸುರಿದ ಸಪ್ಪಳ. ಸೊರ್... ಆಮೇಲೆ ಏನೂ ಇಲ್ಲ. ಹೋದ ಹೆಜ್ಜೆಯೂ ಕೇಳಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದಾಗ ಕಟ್ಟೆಯ ಮೇಲೆ ಬೊಗಸೆಯಷ್ಟು ಜಾಗ ಒದ್ದೆಯಾಗಿತ್ತು. ನೀರು ಚೆಲ್ಲಿ ಹೋಗಿದ್ದಾನೆ ಸುಳ್ಳ ಎಂದುಕೊಂಡು ಕಸ ಹೊಡೆದಳು.

ರವಿವಾರ ತಂಗಿ ರಾಮದುರ್ಗದಲ್ಲಿ ಹಬ್ಬಿದ ಸುದ್ದಿ ಕೇಳಿ ಅಳುತ್ತ ಬಂದಳು. ಆ ವರ್ಷ ಯಾತ್ರೆಯ ಬಸ್ಸಿನ ಖಾಯಂ ಡ್ರೈವರನಿಗೆ ಜ್ವರ ಬಂದು, ಶಂಕ್ರೆಪ್ಪನನ್ನು ನಿಜವಾಗಿಯೂ ನೇಪಾಳಕ್ಕೆ ಕಳಿಸಿದ್ದರಂತೆ. ಪೋಖ್ರಾದಲ್ಲಿ ಬಸ್ಸು ನಿಲ್ಲಿಸಿ, ಬರ್ಫ ತರುತ್ತೇನೆಂದು ಹೇಸರಗತ್ತೆಯವರ ಜೊತೆ ಮೇಲಕ್ಕೆ ಹೋದನಂತೆ. ಮಂಗಳವಾರ ಸಂಜೆ ಒಬ್ಬನೇ ಇನ್ನೂ ಮೇಲೆ ಏರಿದವನು ಇಳಿಯಲಿಲ್ಲ. ಮರುದಿನ ಹೆಣ ಸಿಕ್ಕಿತು. ಬಸ್ಸಿನ ಕಾಗದದಲ್ಲಿ ಹೆಂಡತಿ ಎಂದು ಬರೆಸಿದ್ದು ರಾಮದುರ್ಗದವಳ ಹೆಸರು. ಹಾಗಾಗಿ ಸುದ್ದಿ ಮೊದಲು ಆ ಮನೆಗೆ ಹೋಯಿತು. ಆಮೇಲೆ ಕೋಟು ಆ ಮನೆಗೆ ಹೋಯಿತು. ಮರೆವ್ವ ಬುತ್ತಿ ಕಟ್ಟಿಕೊಟ್ಟ ಡಬ್ಬಿಯೂ ಆ ಮನೆಗೇ ಹೋಯಿತು.

ಸುದ್ದಿ ಕೇಳಿದಾಗ ಮರೆವ್ವ ಅಳಲಿಲ್ಲ. ಎದ್ದು ಹೋಗಿ ಕಟ್ಟೆಯ ಮೇಲೆ ಆ ಜಾಗದಲ್ಲಿ ಎರಡೂ ಕೈ ಊರಿ ಕೂತಳು. ಐದು ದಿನದ ಬಿಸಿಲು ಬಿದ್ದ ಕಲ್ಲು... ಆ ಬೊಗಸೆಯಷ್ಟು ಜಾಗ ಮಾತ್ರ ತಣ್ಣಗಿತ್ತು. ಆಮೇಲೆ ಅತ್ತಳು.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ಕಣ್ಣಾರೆ ಕಂಡದ್ದು ಇಷ್ಟು. ಪ್ರತಿ ಬೇಸಿಗೆ ಆ ಕಟ್ಟೆಯ ಮೇಲೆ ಇರುವೆ ಸಾಲು ಹರಿಯುತ್ತದೆ. ನೆಟ್ಟಗೆ ಬರುತ್ತದೆ, ಆ ಜಾಗದ ಹತ್ತಿರ ಬಂದು ಸುತ್ತು ಹಾಕುತ್ತದೆ, ದಾಟಿದ ಮೇಲೆ ಮತ್ತೆ ನೆಟ್ಟಗೆ ಹೋಗುತ್ತದೆ.