ಗೊಬ್ಬರ ಹಾಕದ ನಾಲ್ಕು ಸಾಲು

ಜರಗನಹಳ್ಳಿ ಸ್ಟಾಪಲ್ಲಿ ಕನಕಪುರದ ಬಸ್ಸಿಗೆ ಕಾಯ್ತಿದ್ದೆ. ಪಕ್ಕದಲ್ಲಿ ಎರಡು ಚೀಲ ಕಾಂಪೋಸ್ಟ್ ಇಟ್ಕೊಂಡು ಒಬ್ಬ ರೈತ ಹೆಂಗಸು ನಿಂತಿದ್ದರು. ಮಣ್ಣಿನ ಸರ್ವೆ ಮಾಡೋ ಒಬ್ಬ ಹುಡುಗಿ ಅವರನ್ನ ಮಾತಿಗೆ ಹಿಡ್ಕೊಂಡಿದ್ದಳು.

“ರುದ್ರಮ್ಮನೋರೆ, ನಾಲ್ಕು ಸಾಲಿಗೆ ಮಾತ್ರ ಕಾಂಪೋಸ್ಟ್ ಹಾಕ್ಬೇಡಿ ಅಂದಿದ್ನಲ್ಲ. ಗೂಟ ಹೊಡೆದು ಗುರುತೂ ಮಾಡಿದ್ದೆ.”

“ಹಾಕ್ಬಿಟ್ಟೆ ಕಣಮ್ಮ.”

“ಹಾಕದ ಸಾಲಿನ ಜೊತೆ ಹೋಲಿಸಿದ್ರೇನೇ ಕಾಂಪೋಸ್ಟಿಂದ ಮಣ್ಣಿಗೆ ಏನು ಉಪಯೋಗ ಅಂತ ಗೊತ್ತಾಗೋದು.”

“ಮಳೆ ಬಂದಾಗ ಬಾ. ನಮ್ಮ ಹೊಲದಲ್ಲಿ ನೀರು ಇಂಗ್ತದೆ. ಪಕ್ಕದೋರ ಮಣ್ಣು ಕೊಚ್ಕೊಂಡು ರಸ್ತೆಗೆ ಬರ್ತದೆ.”

“ರಿಪೋರ್ಟಿಗೆ ಅದು ಸಾಲಲ್ಲ ಅಮ್ಮ. ಮುಂದಿನ ಬೆಳೆಗಾದ್ರೂ ಬಿಡಿ.”

“ಒಂದು ಮಗುಗೆ ಉಣ್ಣಿಸಿ, ಇನ್ನೊಂದನ್ನ ಉಪವಾಸ ಕೆಡವಿ, ಅನ್ನ ಒಳ್ಳೇದಾ ಅಂತ ನೋಡ್ತೀಯಾ? ನನ್ನ ಕೈಲಾಗಲ್ಲ.”

“ನಮ್ಮ ಸಾರ್ ಬೈತಾರೆ.”

“ರುದ್ರಮ್ಮ ಒಪ್ಪಲಿಲ್ಲ ಅಂತಾನೇ ಬರ್ಕೊ.”

ಹುಡುಗಿ ನಿಜಕ್ಕೂ ಬರ್ಕೊಂಡಳು.

“ಹೋಗ್ಲಿ, ಗೂಟನಾದ್ರೂ ವಾಪಸ್ ಕೊಡಿ.”

“ಅದೇ ಸಾಲಲ್ಲಿ ಟೊಮೇಟೊ ಗಿಡಕ್ಕೆ ಆಸರೆ ಕೊಟ್ಟಿದೀನಿ. ಹಣ್ಣಿನ ಭಾರ, ಈಗ ಕೀಳಕ್ಕಾಗಲ್ಲ.”

ಬಸ್ ಬಂತು. ರುದ್ರಮ್ಮ ಚೀಲ ಎತ್ತಿ ಒಳಗಿಟ್ಟು, ಮೆಟ್ಟಿಲ ಮೇಲೆ ನಿಂತು ತಿರುಗಿದರು.

“ಇನ್ನೂ ನಾಲ್ಕು ಗೂಟ ಇದ್ರೆ ತಗೊಂಡ್ ಬಾ.”