ವೆಂಡೆಲಿನ್‌ನ ಹಳೆ ದುರ್ಬೀನು

ಈ ಹೊಸ ದುರ್ಬೀನಿಗೆ ಎರಡು ಸಾವಿರದ ಒಂಬೈನೂರು ಯೂರೋ. ನಿನ್ನ ಕುತ್ತಿಗೇಲಿರೋ ಆ ಹಳೆ ದುರ್ಬೀನನ್ನ ಬಿಚ್ಚಿ ಇಲ್ಲಿಟ್ಟು ಹೋದರೆ ಬರೀ ಎರಡು ಸಾವಿರ. ಇದು ಕೊನೆ ಮಾತು, ವೆಂಡೆಲಿನ್. ಮೂವತ್ತೆಂಟು ವರ್ಷದಿಂದ ಈ ಅಂಗಡಿಯಲ್ಲಿ ಕೂತಿದ್ದೀನಿ, ಯಾರಿಗೂ ಇಷ್ಟು ಇಳಿಸಿದವನಲ್ಲ... ಯಾಕೆ ನಗ್ತೀಯ? ನಗು, ನಗು. ಅಕ್ಟೋಬರಿನಿಂದ ಈ ಊರಲ್ಲಿ ನಿನ್ನ ಹಲ್ಲು ಕಂಡವರಿಲ್ಲ.

ತಗೋ, ಕೈಗೆ ತಗೋ. ಮುಟ್ಟಿದ್ದಕ್ಕೆ ದುಡ್ಡು ಕೇಳೋದಿಲ್ಲ. ಹೇಗಿದೆ ತೂಕ? ನಿನ್ನದಕ್ಕಿಂತ ಕಾಲು ಕಿಲೋ ಕಡಿಮೆ. ಇಡೀ ದಿನ ಗುಡ್ಡ ಹತ್ತಿಳಿಯೋವಾಗ ಕುತ್ತಿಗೆಗೆ ಗೊತ್ತಾಗುತ್ತೆ ಅದು. ಮೇಲಿನ ಗುಂಡಿ ಒತ್ತು. ಚರ್ಚಿನ ಗೋಪುರದ ಕಡೆ ಹಿಡಿದು ಒತ್ತು... ನೂರ ಎಂಬತ್ತಾರು ಮೀಟರ್, ಅಲ್ವಾ? ಕೆಳಗೆ ಇನ್ನೊಂದು ಅಂಕಿ ಬಂತಲ್ಲ, ಆಟ ಇರೋದು ಅಲ್ಲೇ. ಕಡಿದಾದ ಇಳಿಜಾರಲ್ಲಿ, ಕೆಳಗಡೆ ಕಾಡುಮೇಕೆ ನಿಂತಿದೆ ಅಂತಿಟ್ಕೋ. ಬರೀ ದೂರ ಅಳೆದರೆ ಮುನ್ನೂರು ಮೀಟರ್. ಆದರೆ ಗುಂಡಿನ ಲೆಕ್ಕಕ್ಕೆ ಅದು ಇನ್ನೂರ ಅರವತ್ತು. ಮುನ್ನೂರು ಅಂದ್ಕೊಂಡು ಹೊಡೆದವನ ಗುಂಡು ಬೆನ್ನಿನ ಮೇಲೆ ಹಾರಿ ಹೋಗುತ್ತೆ. ಇದು ಕೋನಾನೂ ಲೆಕ್ಕ ಹಾಕಿ ಹೇಳುತ್ತೆ. ಗೊತ್ತು, ನಿನಗೆ ಅದನ್ನ ಯಂತ್ರ ಹೇಳಿಕೊಡಬೇಕಾಗಿಲ್ಲ. ಆದರೆ ನೀನು ಕರ್ಕೊಂಡು ಹೋಗೋ ಅತಿಥಿಗಳಿಗೆ? ಗ್ರಾಟ್ಸ್‌ನಿಂದ ಬರೋ ಆ ಹಲ್ಲಿನ ಡಾಕ್ಟರಿಗೆ ಕೋನ ಅಂದರೆ ಬಾಯೊಳಗಿನ ಕೋನ ಮಾತ್ರ ಗೊತ್ತು.

ಹತ್ತು ಪಟ್ಟು ದೊಡ್ಡದಾಗಿ ತೋರಿಸೋದು ಬೇಡ, ಎಂಟೇ ಸಾಕು ಅಂತೀಯಾ? ನೀನು ಬಾಯಿ ಬಿಡದೇ ಇದ್ದರೂ ಹುಬ್ಬು ಹೇಳ್ತಿದೆ. ಹತ್ತರಲ್ಲಿ ಕೈ ನಡುಗಿದ್ದು ಕಾಣುತ್ತೆ, ನಿಜ. ಕಾಡೊಳಗೆ ಮರಗಳ ಸಂದೀಲಿ ನೋಡೋದಕ್ಕೆ ಎಂಟೇ ಸರಿ, ಅದೂ ನಿಜ. ಆದರೆ ನೀನು ಎಲ್ಲಿ ಇರ್ತೀಯ? ಬೋಳು ಗುಡ್ಡದ ಮೇಲೆ. ಎದುರು ಇಳಿಜಾರಿನ ಸಾರಂಗಕ್ಕೆ ಹತ್ತು ವರ್ಷ ತುಂಬಿದೆಯೋ ಇಲ್ಲವೋ ಅಂತ ಅಲ್ಲಿಂದ ಹೇಳಬೇಕು ನೀನು. ಕೋವಿ ಹಿಡಿದವನು ಬರೀ ಹೊಡೀತಾನೆ. ಹೊಡಿ ಅನ್ನೋದು ನೀನು.

ಹ್ಞಾಂ. ಆ ಮಾತು ಬೇಡ ಅಂತೀಯ. ಬೇಡ ಬಿಡು.

ಆದರೆ ಶನಿವಾರ ಬರುತ್ತಲ್ಲ, ಮಾರಾಯ. ಕೊಂಬಿನ ಪ್ರದರ್ಶನಕ್ಕೆ ಸಭಾಂಗಣದಲ್ಲಿ ಆಗಲೇ ಹಲಗೆ ಹೊಡೀತಿದ್ದಾರೆ, ಬೆಳಗ್ಗೆಯಿಂದ ಸುತ್ತಿಗೆ ಸದ್ದು. ವರ್ಷದಲ್ಲಿ ಹೊಡೆದ ಪ್ರಾಣಿಗಳ ಕೊಂಬು ಎಲ್ಲ ಗೋಡೆಗೆ ಬರುತ್ತೆ, ಕೆಳಗೆ ದವಡೆ. ನಿನ್ನ ಆ ಸಾರಂಗದ್ದೂ ಬರುತ್ತೆ. ಏಳು ವರ್ಷದ ಹಲ್ಲು, ಹನ್ನೊಂದು ವರ್ಷ ಅಂತ ಹೊಡೆಸಿದ್ದು. ಐದರಿಂದ ಒಂಬತ್ತು ವರ್ಷದ ತನಕದ್ದನ್ನ ಮುಟ್ಟಬಾರದು ಅನ್ನೋದು ಬೇಟೆ ಪರೀಕ್ಷೆಗೆ ಓದೋ ಹುಡುಗರಿಗೂ ಗೊತ್ತು. ತಪ್ಪು ಬೇಟೆ ಅಂತ ಅದರ ಹಣೆ ಮೇಲೆ ಕೆಂಪು ಚುಕ್ಕೆ ಅಂಟಿಸ್ತಾರೆ. ಹೊಡೆದವನ ಹೆಸರು ಚೀಟಿಯಲ್ಲಿರುತ್ತೆ, ಹಲ್ಲಿನ ಡಾಕ್ಟರದು. ಆದರೆ ಇಡೀ ಕಣಿವೆ ನೋಡೋದು ಅವನನ್ನಲ್ಲ, ನಿನ್ನನ್ನ. ಇಪ್ಪತ್ತಾರು ವರ್ಷದಲ್ಲಿ ಒಂದೂ ಕೆಂಪು ಚುಕ್ಕೆ ಇಲ್ಲದ ಬೇಟೆಕಾಡಿನ ಕಾವಲುಗಾರ ನೀನು. ಪದ್ಧತಿ ಪ್ರಕಾರ ಡಾಕ್ಟರ ಟೋಪಿಗೆ ರಕ್ತ ಸವರಿದ ಫರ್ ಮರದ ರೆಂಬೆ ಸಿಕ್ಕಿಸಿ, ಕೈ ಕುಲುಕಿ, ಆಮೇಲೆ ಸಾರಂಗದ ಬಾಯಿ ತೆರೆದೆಯಂತೆ. ಹಲ್ಲು ನೋಡಿದ್ದೇ ನೆಲದ ಮೇಲೆ ಕೂತುಬಿಟ್ಟೆಯಂತೆ. ಡಾಕ್ಟರೇ ಹೋಟೆಲಲ್ಲಿ ಹೇಳಿದ.

ಕೂತ್ಕೋ. ಯಾಕೆ ನಿಂತೇ ಇದ್ದೀಯ? ನಿನ್ನ ಹೆಕ್ಸಿಯಾದರೂ ಬೆಂಚಿನ ಕೆಳಗೆ ಮಲಗಿದೆ ನೋಡು, ನಾಯಿಗಿರೋ ಬುದ್ಧಿ ನಿನಗಿಲ್ಲ. ಒಂದು ಗುಟುಕು ಹಾಕಲಾ? ಪೈನ್ ಕಾಯಿ ಸಾರಾಯಿ, ನನ್ನ ಹೆಂಡತಿ ಹಾಕಿಟ್ಟಿದ್ದು. ಬೇಡವಾ? ನೀನು ಬೇಡ ಅಂದದ್ದನ್ನ ನಾನು ಇದೇ ಮೊದಲು ನೋಡ್ತಿರೋದು.

ಲೈಟ್‌ಗೆಬ್ ಅಮ್ಮನವರು, ನಿನ್ನ ಯಜಮಾನಿ, ನನ್ನ ಹತ್ತಿರವೂ ಹೇಳಿದ್ದಾರೆ. ಹೋದ ವಾರ ಇಲ್ಲೇ ಬಂದಿದ್ದರು, ಅವರ ಮರದ ಕಾರ್ಖಾನೆಯ ಲಾರಿ ಹೊರಗೆ ನಿಲ್ಲಿಸಿಕೊಂಡು. "ಕ್ವಿರಿನ್, ಶನಿವಾರದ ಒಳಗೆ ಅವನು ಕಣ್ಣಿಗೆ ಏನಾದರೂ ಮಾಡಿಕೊಳ್ಳಬೇಕು, ಇಲ್ಲ ಅಂದರೆ ಮೇ ಒಂದಕ್ಕೆ ಹೊಸಬ ಬರ್ತಾನೆ" ಅಂದರು. ನೀನಿರೋ ಕಾವಲಿನ ಮನೆ ಅವರದು, ಕಾಡು ಅವರ ಗುತ್ತಿಗೆ. ಅವರೇನು ಮಾಡ್ತಾರೆ? ಅದಕ್ಕೇ ಹೇಳ್ತಿರೋದು, ಇದನ್ನ ಹಾಕಿಕೊಂಡು ಹೋಗು. ಅಮ್ಮನವರು ಕುತ್ತಿಗೆ ನೋಡ್ತಾರೆ, ಸರಿ, ಏನೋ ಮಾಡಿಕೊಂಡ ಅಂತಾರೆ. ಮುಗೀತು.

ವಯಸ್ಸಾಗುತ್ತೆ, ವೆಂಡೆಲಿನ್. ಇದರಲ್ಲಿ ನಾಚಿಕೆ ಏನಿದೆ? ನಿನ್ನ ಹಳೆಯದು ಯಾವುದು? ಎಂಟು-ಐವತ್ತಾರು, ಅಂದರೆ ಎಂಟು ಪಟ್ಟು, ಮುಂದಿನ ಗಾಜು ಐವತ್ತಾರು ಮಿಲಿಮೀಟರ್. ಹಿಂದಿನ ಗಾಜಿನಿಂದ ಏಳು ಮಿಲಿಮೀಟರ್ ಅಗಲದ ಬೆಳಕು ಕಣ್ಣಿಗೆ ಬರುತ್ತೆ. ಇಪ್ಪತ್ತೈದರ ಹುಡುಗನ ಪಾಪೆ ಕತ್ತಲಲ್ಲಿ ಅಷ್ಟು ತೆರೆಯುತ್ತೆ. ಐವತ್ತೊಂಬತ್ತಕ್ಕೆ? ಐದು ತೆರೆದರೆ ಪುಣ್ಯ. ಮಿಕ್ಕ ಎರಡು ನಿನ್ನ ಕೆನ್ನೆ ಮೇಲೆ ಬಿದ್ದು ದಂಡ. ಅಂಥಾದ್ದು ಕುತ್ತಿಗೇಲಿ ಕಟ್ಟಿಕೊಂಡು ಮುಸ್ಸಂಜೇಲಿ ಕೂತಾಗ ಏಳು ವರ್ಷದ್ದು ಹನ್ನೊಂದಾಗಿ ಕಂಡರೆ ಆಶ್ಚರ್ಯ ಏನು? ಕಣ್ಣು. ಬರೀ ಕಣ್ಣು. ದುರ್ಬೀನು ಏನು ಮಾಡೀತು ಪಾಪ.

ಏನದು? ಜೇಬಿಂದ ಏನು ತೆಗೀತಿದ್ದೀಯ? ಚೆಕ್ಕಾ? ಇಲ್ಲ... ಇರು, ಕನ್ನಡಕ ಹಾಕ್ಕೋತೀನಿ. ಕಣ್ಣಾಸ್ಪತ್ರೆಯದು. ಸಾಲ್ಸ್‌ಬರ್ಗ್ ತನಕ ಹೋಗಿದ್ದೆಯಾ? ಯಾವಾಗ? ನಿನ್ನೆ. ಹೂಂ. ಬಲಗಣ್ಣು, ದೃಷ್ಟಿ ಪೂರ್ತಿ. ಎಡಗಣ್ಣು ಪೂರ್ತಿ. ಪೊರೆ ಇಲ್ಲ. ಕತ್ತಲಲ್ಲಿ ಪಾಪೆ... ಆರೂವರೆ.

ಆರೂವರೆ. ಒಳ್ಳೇದಾಯ್ತು ಬಿಡು. ಸಂತೋಷ.

ಆದರೆ ನೋಡು, ಡಾಕ್ಟರ ಕತ್ತಲ ಕೋಣೆ ಬೇರೆ, ಕಾಡು ಬೇರೆ. ಅಲ್ಲಿ ಮಂಜು ಇರುತ್ತೆ, ಚಳಿಗೆ ಕಣ್ಣಲ್ಲಿ ನೀರು ಬರುತ್ತೆ, ಪಕ್ಕದಲ್ಲಿ ಆ ಹಲ್ಲಿನ ಡಾಕ್ಟರು ಹೊಡೀಲಾ ಹೊಡೀಲಾ ಅಂತ ಪಿಸುಗುಡ್ತಿರ್ತಾನೆ... ಹಾಗೆ ನೋಡಬೇಡ ನನ್ನನ್ನ. ನಾನು ಕಣ್ಣಿನ ಡಾಕ್ಟರಲ್ಲ, ವ್ಯಾಪಾರಿ. ಕಣ್ಣು ಸರಿ ಇದ್ದರೆ ಇನ್ನೂ ಒಳ್ಳೇದು, ಒಳ್ಳೆ ಕಣ್ಣಿಗೆ ಒಳ್ಳೆ ದುರ್ಬೀನು. ಹಳೆಯದನ್ನ ಕೊಡು, ಪಟ್ಟಿ ನಾನೇ ಬಿಚ್ತೀನಿ.

ಯಾಕೆ ಹಿಂದೆ ಸರೀತೀಯ?

ಹಳೆಯದಕ್ಕೆ ಒಂಬೈನೂರು ಯಾಕೆ ಅಂತನಾ? ಹಳೆ ಗಿರಾಕಿ ಅಂತ. ಮೂವತ್ತು ವರ್ಷದ ಹಿಂದೆ ನಿನ್ನ ಮದುವೆ ವರ್ಷ ನಾನೇ ಮಾರಿದ್ದು ಅಂತ. ಈಗ ಅಂಥವನ್ನ ಹುಡುಕಿಕೊಂಡು ಬರೋ ಜನ ಇದ್ದಾರೆ, ಕಪಾಟಿನಲ್ಲಿ ಇಡೋದಕ್ಕೆ. ವಿಯೆನ್ನಾದವರು... ಏನು ತೋರಿಸ್ತೀಯ? ಎಲ್ಲಿ?

ಕಿಟಕೀಲಿ ಮಾರಾಟಕ್ಕಿಟ್ಟಿರೋ ದುರ್ಬೀನು.

ಹೌದು, ಅದೇ. ಎಂಟು-ಐವತ್ತಾರು. ಅದೇ ವರ್ಷದ್ದು. ಚೀಟಿ ಮೇಲೆ... ಇನ್ನೂರ ಐವತ್ತು. ಅದು ಹಳೆ ಚೀಟಿ. ಅದರ ರಬ್ಬರು ಹೋಗಿದೆ. ನಿನ್ನದು ಚೆನ್ನಾಗಿದೆ ಅಂತ... ನಾನು ಯಾವತ್ತಾದರೂ ಯಾರಿಗಾದರೂ ಮೂರೂವರೆ ಪಟ್ಟು ಕೊಟ್ಟಿದ್ದೀನಾ ಅಂತೀಯ. ಕೊಟ್ಟಿಲ್ಲ. ನೀನೊಬ್ಬನಿಗೆ ಕೊಡ್ತೀನಿ ಅಂದರೆ ಅದೂ ತಪ್ಪಾ?

ಎಲ್ಲಿಗೆ ಹೊರಟೆ? ಬಾಗಿಲು ತೆಗೀಬೇಡ, ಚಳಿ ಬರುತ್ತೆ. ವೆಂಡೆಲಿನ್... ಅಲ್ಲೇ ನಿಂತಿದ್ದೀಯ. ಆಯ್ತು. ಆ ಹಳೆಯದನ್ನ ಕಣ್ಣಿಗೆ ಹಿಡಿದು ಏನು ನೋಡ್ತೀಯ ಈಗ? ಇನ್ನು ಹತ್ತು ನಿಮಿಷಕ್ಕೆ ಪೂರ್ತಿ ಕತ್ತಲಾಗುತ್ತೆ. ಗುಡ್ಡದ ಮೇಲೆ ಬೆಳಕು ಮುಗೀತು, ಗೋಪುರದ ಗಡಿಯಾರದ ಮುಳ್ಳು ನನಗೆ ಇಲ್ಲಿಂದ ಕಾಣ್ತಿಲ್ಲ. ನಿನಗೆ ಕಾಣ್ತಿದೆ ಅನ್ನಿಸುತ್ತೆ. ಕಣ್ಣು ಸರಿ ಇದೆ ಅಂತ ಕಾಗದದಲ್ಲೇ ಇದೆಯಲ್ಲ, ಮತ್ತೆ ಯಾಕೆ...

ಅಂಗೈ ಯಾಕೆ ಇಟ್ಟೆ ಅದರ ಒಂದು ಗಾಜಿನ ಮೇಲೆ?

ಒಂದು ಕಡೆ ಮುಚ್ಚಿ ನೋಡೋದು ಎಲ್ಲರಿಗೂ ಸ್ವಲ್ಪ ಮಬ್ಬೇ. ನಿನಗೆ ಗೊತ್ತಿಲ್ಲ ಅದು. ಎರಡು ಕಣ್ಣು ಸೇರಿದಾಗ... ಈಗ ಇನ್ನೊಂದು ಕಡೆ. ಸರಿ. ಮತ್ತೆ ಮೊದಲಿನದು. ಎಷ್ಟು ಸಲ ಮಾಡ್ತೀಯ? ದಾರೀಲಿ ಹೋಗೋರು ನೋಡ್ತಾರೆ. ಬಾ ಒಳಗೆ, ಬಾ.

ನನಗೆ ಯಾಕೆ ಕೊಡ್ತೀಯ?

ಬೇಡ. ನನ್ನ ಕಣ್ಣಿಗೆ ಪೊರೆ ಬಂದಿದೆ, ನನಗೇನು ಕಾಣುತ್ತೆ? ಬೇಡ, ವೆಂಡೆಲಿನ್. ಮೇಜಿನ ಮೇಲಿಡು. ಕೈ ಚಾಚಿಕೊಂಡೇ ಇರ್ತೀಯಾ? ನೋಡಲ್ಲ ಅಂದೆನಲ್ಲ.

ಬೈಯಬಾರದಾ? ಬೈಯಿ. ನಿನ್ನ ಬಾಯಲ್ಲಿ ನಾಲ್ಕು ಊರಿಗಾಗೋವಷ್ಟು ಬೈಗುಳ ಇದೆ ಅಂತ ಎಲ್ಲರಿಗೂ ಗೊತ್ತು.

ನಾನು ನೋಡೋ ಅಗತ್ಯ ಇಲ್ಲ. ನನಗೆ ಗೊತ್ತು.

ಎಡಗಡೆಯದು. ಆಗಸ್ಟಿನಲ್ಲಿ ಒಳಗೆ ತೇವ ಕಟ್ಟಿದೆ ಅಂತ ತಂದಿದ್ದೆ. ಫ್ಯಾಕ್ಟರಿಗೆ ಕಳಿಸಿದರೆ ಹತ್ತು ವಾರ ಅಂದರು. ಸೆಪ್ಟೆಂಬರಿಗೆ ಸಾರಂಗಗಳು ಕೂಗೋಕೆ ಶುರುಮಾಡ್ತವೆ, ಅಷ್ಟರೊಳಗೆ ಬೇಕು ಅಂದೆ ನೀನು. ನಾನೇ ಬಿಚ್ಚಿದೆ. ಎಷ್ಟೋ ಬಿಚ್ಚಿದ್ದೀನಿ. ಆದರೆ ಒಳಗೆ ಬೆಳಕು ತಿರುಗಿಸೋ ಪ್ರಿಸಮ್ ಗಾಜು ಕೈಯಿಂದ ಜಾರಿ ಮೂಲೆ ಒಡೀತು. ಹೊಸದು ತರಿಸಿದರೆ ಮತ್ತೆ ಹತ್ತು ವಾರ. ಒಳಗಿನ ಪೆಟ್ಟಿಗೇಲಿ ಒಂದು ಸತ್ತ ದುರ್ಬೀನು ಇತ್ತು, ಇದೇ ಅಳತೆಯದು, ಆದರೆ ತುಂಬಾ ಹಿಂದಿನ ಕಾಲದ್ದು, ಗಾಜಿಗೆ ಬೆಳಕು ಉಳಿಸೋ ಲೇಪ ಇಲ್ಲದ್ದು. ಅದರದ್ದು ತೆಗೆದು ಕೂರಿಸಿದೆ. ಬಿಸಿಲಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗೋದಿಲ್ಲ. ಬೆಳಗ್ಗೆ ಹನ್ನೊಂದಕ್ಕೆ ಗೋಪುರ ನೋಡಿದೆ, ಗಾಳಿಕೋಳಿಯ ಪುಕ್ಕ ಎಣಿಸೋ ಹಾಗಿತ್ತು. ಸಂಜೆ ನೋಡಲಿಲ್ಲ. ಸಂಜೆ ನೋಡಿದರೆ ಗೊತ್ತಾಗಿಬಿಡುತ್ತೆ ಅಂತಲೇ ನೋಡಲಿಲ್ಲ.

ಅಕ್ಟೋಬರಿನಲ್ಲಿ ಹಲ್ಲಿನ ಡಾಕ್ಟರು ಕಥೆ ಹೇಳೋವಾಗ ನಾನು ಅಲ್ಲೇ ಇದ್ದೆ. ಕುತ್ತಿಗೆ ಕೆಳಗಿನ ಕೂದಲು ಕಪ್ಪಗೆ, ದಪ್ಪಗೆ ಕಾಣ್ತಿತ್ತು, ಮುದಿ ಸಾರಂಗದ ಹಾಗೆ, ಅದಕ್ಕೇ ಹೊಡಿ ಅಂದ ಅಂತ ಹೇಳಿದ. ಅಲ್ಲಿಗೇ ಗೊತ್ತಾಯ್ತು ನನಗೆ. ಒಂದು ಕಡೆ ಬೆಳಕು ಸತ್ತಿದ್ದರೆ ನೆರಳೆಲ್ಲ ದಪ್ಪ ಆಗುತ್ತೆ. "ವಯಸ್ಸಾಯ್ತು ಅವನಿಗೆ, ಕಣ್ಣು ಹೋಗಿದೆ" ಅಂತ ಆ ಮೇಜಲ್ಲಿ ಮೊದಲು ಹೇಳಿದವನು ಯಾರು ಗೊತ್ತಾ? ನಾನೇ. ಮಿಕ್ಕವರು ನನ್ನಿಂದ ಕಲಿತು ಹೇಳಿದರು.

ಈಗ ಗೊತ್ತಾಯ್ತಲ್ಲ. ಇನ್ನೇನು?

ಇದನ್ನ ತಗೊಂಡು ಹೋಗು. ಹೊಸದನ್ನ. ದುಡ್ಡು ಬೇಡ, ಒಂದು ಕಾಸೂ ಬೇಡ. ಪೆಟ್ಟಿಗೆ, ಪಟ್ಟಿ, ಐದು ವರ್ಷದ ಗ್ಯಾರಂಟಿ, ಎಲ್ಲ. ಹಳೆಯದನ್ನೂ ಸರಿ ಮಾಡಿಸಿ ಕೊಡ್ತೀನಿ, ಫ್ಯಾಕ್ಟರಿಗೇ ಕಳಿಸಿ. ನೀನು ಮುಟ್ಟೋದಿಲ್ಲ. ಸರಿ.

ಹಾಗಾದರೆ ಶನಿವಾರ ಕಳೀಲಿ. ನಾನೇ ಅಮ್ಮನವರ ಮನೆಗೆ ಹೋಗಿ, ಸಮಾಧಾನವಾಗಿ, ಹೀಗೀಗೆ, ದುರ್ಬೀನಲ್ಲಿ ಏನೋ ದೋಷ ಇತ್ತಂತೆ ಅಂತ... "ಇತ್ತಂತೆ" ಅನ್ನೋದು ಬೇಡವಾ? ನೀನು ಏನೂ ಅನ್ನಲಿಲ್ಲ, ನಿಜ. ನಾನೇ ಕೇಳಿಸಿಕೊಂಡೆ. ವೆಂಡೆಲಿನ್, ಈ ಕಣಿವೇಲಿ ಮುನ್ನೂರು ಬೇಟೆಗಾರರಿದ್ದಾರೆ. ಎಲ್ಲರ ದುರ್ಬೀನೂ ನನ್ನ ಕೈಯಲ್ಲಿ ಬಿಚ್ಚಿದ್ದು. ಶನಿವಾರ ಆ ಗೋಡೆ ಮುಂದೆ ಈ ಮಾತು ಹೊರಬಿದ್ದರೆ ಒಬ್ಬನೂ ಇಲ್ಲಿಗೆ ಕಾಲಿಡೋದಿಲ್ಲ. ಅಂಗಡಿ ಮುಚ್ಚಬೇಕು ನಾನು. ನಿನಗೆ ಮನೆ ಹೋಗುತ್ತೆ, ನನಗೆ ಅಂಗಡಿ ಹೋಗುತ್ತೆ. ಒಂದನ್ನ ಉಳಿಸಬಹುದು, ಎರಡನ್ನಲ್ಲ. ನೀನು ಹೇಳು, ಯಾವುದು?

ನೀನು ಹೇಳಬೇಕಾಗಿಲ್ಲ ಅಲ್ವಾ? ನೀನು ಇಪ್ಪತ್ತಾರು ವರ್ಷ ಕೆಂಪು ಚುಕ್ಕೆ ಇಲ್ಲದವನು, ಹಲ್ಲು ನೋಡಿ ನೆಲದ ಮೇಲೆ ಕೂತವನು. ಅದನ್ನ ಕೇಳಿ ನಾನು ಇನ್ನೊಂದು ಬಿಯರ್ ತರಿಸಿದವನು.

ಫೋನು ಯಾಕೆ ಈ ಕಡೆ ತಳ್ಳಿದೆ? ಶನಿವಾರದ ತನಕ... ಈಗಲೇನಾ? ಅವರು ಊಟಕ್ಕೆ ಕೂತಿರ್ತಾರೆ. ಈಗಲೇ. ಆಯ್ತು. ನಂಬರು ನನಗೆ ಬಾಯಿಪಾಠ, ಹೋದ ತಿಂಗಳೇ ಅವರಿಗೂ ಒಂದು ಮಾರೋಣ ಅಂತ ಎರಡು ಸಲ ಮಾಡಿದ್ದೆ. ಆ ಬಾಗಿಲು ಹಾಕು ಮೊದಲು, ನಾಯಿ ನಡುಗ್ತಿದೆ.

ಹಲೋ. ಲೈಟ್‌ಗೆಬ್ ಅಮ್ಮಾವ್ರೇ? ಕ್ವಿರಿನ್, ದುರ್ಬೀನು ಅಂಗಡಿ. ಹೌದು, ವೆಂಡೆಲಿನ್ ಇಲ್ಲೇ ಇದ್ದಾನೆ. ಇಲ್ಲ, ಅವನು ಏನೂ ತಗೊಳ್ಳಲಿಲ್ಲ. ಅವನಿಗೆ ಏನೂ ಬೇಕಾಗಿಲ್ಲ, ಅಮ್ಮಾವ್ರೇ, ಅವನ ಕಣ್ಣು ನಿಮ್ಮ ನನ್ನ ಕಣ್ಣಿಗಿಂತ ಚೆನ್ನಾಗಿದೆ, ಡಾಕ್ಟರ ಕಾಗದ ನನ್ನ ಮುಂದಿದೆ. ಆ ಸಾರಂಗದ ತಪ್ಪು ಅವನದಲ್ಲ. ದುರ್ಬೀನಿನದು. ಅದನ್ನ ಕೆಡಿಸಿದ್ದು ನಾನು. ಆಗಸ್ಟಿನಲ್ಲಿ. ಗೊತ್ತಿತ್ತು. ಅಕ್ಟೋಬರಿನಿಂದ ಗೊತ್ತಿತ್ತು.

ಹೌದು, ಶನಿವಾರ ಬರ್ತೀನಿ. ಕೊಂಬಿನ ಪಕ್ಕ ನಿಂತು ಎಲ್ಲರೆದುರು ಇದನ್ನೇ ಹೇಳ್ತೀನಿ. ಬರೆದೂ ಕೊಡ್ತೀನಿ. ಅವನ ಮನೆ?... ಹೋಗೋದಿಲ್ಲವಾ? ಅವನಿಗೆ ನೀವೇ ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ. ಉಳೀತು ಅಂತ ಹೇಳ್ತೀನಿ.

ಏನಂದ್ರಿ? ಇದನ್ನ ಮುಚ್ಚಿಟ್ಟು ನನಗೆ ಏನು ಸಿಕ್ತು ಅಂತನಾ?

ರಿಪೇರಿಗೆ ಅಂತ ಅವನ ಹತ್ತಿರ ಎಂಬತ್ತು ಯೂರೋ ತಗೊಂಡಿದ್ದೆ. ಆಮೇಲೆ, ವೆಂಡೆಲಿನ್‌ಗೇ ಕಣ್ಣು ಕೈಕೊಟ್ಟರೆ ನಮ್ಮ ಗತಿ ಏನು ಅಂತ ಹೆದರಿಕೊಂಡು ನಾಲ್ಕು ಜನ ಬಂದರು. ನಾಲ್ವರಿಗೂ ಹೊಸದು ಮಾರಿದೆ, ಒಂದೊಂದರಲ್ಲಿ ಐನೂರ ಐವತ್ತು ಉಳೀತು. ಒಟ್ಟು ಎರಡು ಸಾವಿರದ ಇನ್ನೂರ ಎಂಬತ್ತು ಯೂರೋ, ಅಮ್ಮಾವ್ರೇ. ಅಷ್ಟೇ ಸಿಕ್ಕಿದ್ದು.